ಕುಂದಗೋಳ ಅಜ್ಜಿ ತೆಗೆಸಿದ ಟಿಕೀಟು

ಬೆಳಿಗ್ಗೆ ಐದು ಗಂಟೆ ಇಪ್ಪತ್ತು ನಿಮಿಷ. ನವಲಗುಂದದ ತಮ್ಮ ಮನೆಯ ಅಡಿಗೆಮನೆಯಲ್ಲಿ ದ್ವಾರಕಾಬಾಯಿ ಮಡಿಸೀರೆ ಉಟ್ಟು, ಧನುರ್ಮಾಸದ ಹುಗ್ಗಿಗೆ ಶುಂಠಿ ತುರಿಯುತ್ತಿದ್ದರು. ಒಲೆಯ ಮೇಲೆ ಅಕ್ಕಿ, ಹೆಸರುಬೇಳೆ ಕುದಿಯುತ್ತಿದ್ದವು. ಆರು ವರ್ಷದ ಮೊಮ್ಮಗಳು ಪ್ರಣತಿ ಎದ್ದು ಬಂದು ಹೊಸ್ತಿಲಾಚೆ ನಿಂತಳು. ಮಡಿಯಲ್ಲಿದ್ದಾಗ ಅಜ್ಜಿಯನ್ನು ಮುಟ್ಟಬಾರದೆಂದು ಅವಳಿಗೆ ಗೊತ್ತು. ಆದರೆ ಎಷ್ಟು ಹತ್ತಿರ ಬರಬಹುದೋ ಅಷ್ಟು ಹತ್ತಿರ ಬಂದು, ಕಾಲ್ಬೆರಳುಗಳನ್ನು ಹೊಸ್ತಿಲಿಗೆ ಒತ್ತಿ ನಿಲ್ಲುತ್ತಿದ್ದಳು.

“ಅಜ್ಜಿ, ಕುಂದಗೋಳ ಅಜ್ಜಿ ನನ್ನ ಹುಬ್ಬಳ್ಳಿಗೆ ಬರ್ಫಿನಾಗ ಆಡಲಿಕ್ಕೆ ಕರ್ಕೊಂಡು ಹೋಗ್ತಾಳ.”

“ಹುಬ್ಬಳ್ಳಿಯೊಳಗ ಎಲ್ಲಿ ಬರ್ಫ ಬಿದ್ದದ ಅಂತ?”

“ಥೀಮ್ ಪಾರ್ಕಿನಾಗ. ಮಷೀನಿಂದ ಬಿಡ್ತಾರಂತ. ಕ್ರಿಸ್‌ಮಸ್ ಅದ ಅಲ್ಲ, ಅದಕ್ಕ. ನಿನ್ನಿ ಫೋನಿನಾಗ ಹೇಳಿದ್ಲು.”

ದ್ವಾರಕಾಬಾಯಿ ಶುಂಠಿ ತುರಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಾಗಿತ್ತು ಎಂದು ಅವರ ಗಂಡ ವೆಂಕಣ್ಣನವರು ಇವತ್ತಿಗೂ ಹೇಳುತ್ತಾರೆ. ಅಂದಿನ ಹುಗ್ಗಿ ಗಂಟಲು ಸುಡುವಷ್ಟು ಖಾರವಾಗಿತ್ತು.

ಕುಂದಗೋಳ ಅಜ್ಜಿ ಎಂದರೆ ಅನ್ನಪೂರ್ಣಾಬಾಯಿ, ಸೊಸೆ ಮೈತ್ರೇಯಿಯ ತಾಯಿ. ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ನವಲಗುಂದಕ್ಕೆ ಬರುತ್ತಿದ್ದರು. ಇದ್ದಷ್ಟು ದಿನ ಬೆಳಿಗ್ಗೆ ಮೊಮ್ಮಗಳು ಹಾಸಿಗೆಯಿಂದ ಏಳುವವರೆಗೂ ಅವಳನ್ನು ತಬ್ಬಿಕೊಂಡು ಮಲಗಿರುತ್ತಿದ್ದರು. ಅವರಿಗೆ ಬೆಳಗಿನ ಮಡಿ ಇರಲಿಲ್ಲ. ದ್ವಾರಕಾಬಾಯಿಗೆ ಇತ್ತು. ಅಡಿಗೆಮನೆಯಲ್ಲಿ ನಿಂತು, ನಡುಮನೆಯಿಂದ ಬರುವ ಇಬ್ಬರ ನಗುವನ್ನು ಕೇಳಿಸಿಕೊಳ್ಳುತ್ತ ಅವರು ಪಲ್ಯಕ್ಕೆ ಉಪ್ಪು ಹಾಕಿದ್ದರೋ ಇಲ್ಲವೋ ಮರೆಯುತ್ತಿದ್ದರು.

ಹಾಗೆಂದು ಅವರು ಸಣ್ಣ ಮನಸ್ಸಿನ ಹೆಂಗಸಲ್ಲ. ಅಣ್ಣಿಗೇರಿಯಲ್ಲಿ ಹುಟ್ಟಿ, ಇಪ್ಪತ್ತಕ್ಕೆ ಮದುವೆಯಾಗಿ ಬಂದು, ಹೈಸ್ಕೂಲು ಗುಮಾಸ್ತನ ಸಂಬಳದಲ್ಲಿ ಸಂಸಾರ ನಡೆಸಿದವರು. ಓರಗಿತ್ತಿಯರ ಸೀರೆ, ನೆರೆಯವರ ಮನೆ, ಯಾವುದೂ ಅವರ ನಿದ್ದೆ ಕೆಡಿಸಿರಲಿಲ್ಲ. ಮಗ ಶಿಶಿರನಿಗೆ ಸ್ಮಾರ್ತರ ಮನೆಯ ಹುಡುಗಿಯನ್ನು ತರುವಾಗ ತಮ್ಮ ವೈಷ್ಣವ ಬಳಗದವರು ಹುಬ್ಬು ಏರಿಸಿದ್ದರು. “ಹುಡುಗಿ ಛಲೋ ಇದ್ದಾಳ, ಮುಗೀತು” ಎಂದು ಬಾಯಿ ಮುಚ್ಚಿಸಿದವರು ಇವರೇ. ಮೈತ್ರೇಯಿ ಶಾಲೆಯ ಕೆಲಸಕ್ಕೆ ಮರಳಿದ ಮೇಲೆ ಕೂಸನ್ನು ಬೆಳೆಸಿದವರೂ ಇವರೇ. ಹಣೆ ಮುಟ್ಟಿ ಜ್ವರ ಎಷ್ಟೆಂದು ಹೇಳುತ್ತಿದ್ದರು. ಥರ್ಮಾಮೀಟರ್ ಹಚ್ಚಿ ನೋಡಿದರೆ ಹೆಚ್ಚೆಂದರೆ ಅರ್ಧ ಡಿಗ್ರಿ ತಪ್ಪುತ್ತಿತ್ತು. ಅವರ ಹೊಟ್ಟೆಕಿಚ್ಚೆಲ್ಲ ಇದೊಂದೇ ಕೂಸಿನ ಸುತ್ತ ಇತ್ತು. ಪ್ರಣತಿಯ ಮೂಗು ತಾಯಿಯ ತಾಯಿಯದು ಎಂದು ಯಾರಾದರೂ ಅಂದರೆ ಸಾಕು, “ಬೆಳಕೋತ ಹೋದಂಗ ಬದಲಾಗ್ತದ” ಎಂದು ಒಳಗೆ ಎದ್ದು ಹೋಗುತ್ತಿದ್ದರು.

ಅಂದು ರವಿವಾರ. ಮಧ್ಯಾಹ್ನದ ಬಸ್ಸಿಗೆ ಅನ್ನಪೂರ್ಣಾಬಾಯಿ ಬಂದೇಬಿಟ್ಟರು. ಜಮಖಾನೆಯ ಮೇಲೆ ಕೂತ ಕೂಡಲೇ ಪ್ರಣತಿ ಅವರ ತೊಡೆ ಏರಿದಳು.

“ಶನಿವಾರ ಸಂಜಿಕ ಹೋಗೂಣು ಬೀಗತ್ಯಾರ. ಎಲ್ಲಾರ ಟಿಕೀಟೂ ತೆಗಿಸೀನಿ. ದೀಪ, ಬರ್ಫ, ಮೆರವಣಿಗಿ, ಎಲ್ಲಾ ಅದ. ರಾತ್ರಿ ಊಟಾನೂ ಅದರಾಗ ಬಂತು.”

“ನಮ್ಮನ್ನ ಒಂದು ಮಾತು ಕೇಳಿದ್ರ ನಡೀತಿತ್ತು.”

“ಕೇಳಿದ್ರ ಒಲ್ಲೆ ಅಂತಿದ್ರಿ.”

“ಈಗೂ ಅನ್ನಬಹುದಲ್ಲ.”

“ಅನ್ರಿ ನೋಡೂಣು, ಈಕಿ ಮುಂದ.”

ಪ್ರಣತಿ ಇಬ್ಬರ ಮುಖವನ್ನೂ ನೋಡಿದಳು. ದ್ವಾರಕಾಬಾಯಿ ಒಲ್ಲೆ ಅನ್ನಲಿಲ್ಲ.

ಮುಂದಿನ ಮಾತೆಲ್ಲ ತಯಾರಿಯದು. ಶಿಶಿರನ ಕಾರು ಸಣ್ಣದು. ಮೂರೂವರೆಗೆ ಹೊರಟರೆ ಕತ್ತಲಾಗುವ ಮುಂಚೆ ಮುಟ್ಟಬಹುದು. ವೆಂಕಣ್ಣನವರು ತಮ್ಮ ಮೊಣಕಾಲು ಅಷ್ಟು ಅಡ್ಡಾಡಲಾರದು ಎಂದು ಹಿಂದೆ ಸರಿದರು. ಹಿಂದಿನ ಸೀಟಿನಲ್ಲಿ ಇಬ್ಬರು ಅಜ್ಜಿಯರು. ಕೂಸು ಯಾರ ಹತ್ತಿರ?

“ಹೋಗೂ ಮುಂದ ನನ್ನ ತೊಡಿ ಮ್ಯಾಲೆ, ಬರೂ ಮುಂದ ನಿಮ್ಮ ತೊಡಿ ಮ್ಯಾಲೆ,” ಎಂದರು ಅನ್ನಪೂರ್ಣಾಬಾಯಿ.

“ಬರೂ ಮುಂದ ನಿದ್ದಿ ಹತ್ತಿರ್ತದ ಆಕಿಗೆ. ಎಚ್ಚರಿದ್ದಾಕಿ ನಿಮಗ, ಮಲಗಿದಾಕಿ ನನಗೇನು?”

“ಅವ್ವಾ, ಅತ್ಯಾರ, ನಡುವ ಕೂಡ್ತಾಳ ಬಿಡ್ರಿ,” ಎಂದಳು ಮೈತ್ರೇಯಿ, ಇಬ್ಬರ ಕಡೆಯೂ ನೋಡದೆ.

ಆದರೆ ದ್ವಾರಕಾಬಾಯಿಯ ಮನಸ್ಸು ಅಷ್ಟರಲ್ಲಿ ಬೇರೆ ಕಡೆ ಇತ್ತು. ಶನಿವಾರ ಏಕಾದಶಿ.

ಇಲ್ಲಿ ಒಂದು ವಿಷಯ ಹೇಳಬೇಕು. ಏಕಾದಶಿ ತಿಥಿ ಕೆಲವೊಮ್ಮೆ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಶುರುವಾಗುತ್ತದೆ. ಸ್ಮಾರ್ತರು ಸೂರ್ಯ ಹುಟ್ಟುವ ಹೊತ್ತಿಗೆ ಏಕಾದಶಿ ಇದೆಯೇ ಎಂದು ನೋಡಿ ಅಂದೇ ಉಪವಾಸ ಮಾಡುತ್ತಾರೆ. ವೈಷ್ಣವರು ಅದಕ್ಕೂ ಹಿಂದಿನ ಅರುಣೋದಯವನ್ನು ನೋಡುತ್ತಾರೆ. ಆಗ ದಶಮಿಯ ಚೂರು ಉಳಿದಿದ್ದರೂ ಆ ದಿನ ಬಿಟ್ಟು ಮರುದಿನ ಹಿಡಿಯುತ್ತಾರೆ. ಆ ಸಲ ಹಾಗೆಯೇ ಬಂದಿತ್ತು. ಕುಂದಗೋಳದ ಮನೆಗೆ ಶುಕ್ರವಾರ, ನವಲಗುಂದದ ಮನೆಗೆ ಶನಿವಾರ. ಶಿಶಿರ, ಮೈತ್ರೇಯಿ ಉಪವಾಸ ಮಾಡುವವರಲ್ಲ. ಏಕಾದಶಿ ಆಗಿಹೋಯಿತೆಂದು ಅವರಿಗೆ ತಿಳಿಯುವುದು ಮರುದಿನ ನಸುಕಿನಲ್ಲಿ ದ್ವಾದಶಿಯ ಅಡಿಗೆಯ ಸಪ್ಪಳ ಕೇಳಿದಾಗ.

ಬೀಗತಿಯನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ, ದೇವರ ಮುಂದೆ ದೀಪ ಹಚ್ಚುವಾಗ ವೆಂಕಣ್ಣನವರು ಕೇಳಿದರು.

“ಶನಿವಾರ ಏಕಾದಶಿ ಅಲ್ಲೇನ?”

“ಹೌದು.”

“ಮತ್ತ ಆಕಿಗೆ ಹೇಳಲೇ ಇಲ್ಲ?”

“ಗೊತ್ತಿಲ್ಲದ ಇಟ್ಟಾಳೇನ್ರಿ? ಬೇಕಂತನ ಇಟ್ಟಾಳ. ಮ್ಯಾಲೆ ಊಟಾನೂ ಸೇರಿಸ್ಯಾಳ. ನಾ ಮನ್ಯಾಗ ಕೂಡಬೇಕು, ತಾ ಒಬ್ಬಾಕಿ ಕೂಸಿನ ಕೈ ಹಿಡಕೊಂಡು ಮೆರೀಬೇಕು.”

“ಫೋನ್ ಹಚ್ಚು. ದಿನ ಬದಲಿ ಮಾಡ್ತಾಳ.”

“ನಾ ಯಾಕ ಹಚ್ಚಲಿ? ನಾ ಹೋಗಾಕಿನ. ಹನಿ ನೀರು ಮುಟ್ಟದ ಹೋಗ್ತೀನಿ. ನೋಡಲಿ.”

“ಹೇಳಲಿಲ್ಲಂದ್ರ ಹೆಂಗ ನೋಡ್ತಾಳ?”

ದ್ವಾರಕಾಬಾಯಿ ಎಣ್ಣೆಯ ಗಿಂಡಿ ಎತ್ತಿಕೊಂಡರು. “ಎಣ್ಣಿ ಚೆಲ್ತೀರಿ, ಸರೀರಿ ಆಕಡೆ,” ಎಂದರು.

ವಾರವಿಡೀ ಫೋನು ಬಂದಿತು, ಹೋಯಿತು. ಸ್ವೆಟರು ಯಾವುದು, ಬೂಟು ಯಾವುದು, ಗದ್ದಲದಲ್ಲಿ ಕೂಸು ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು, ಎಲ್ಲ ಮಾತೂ ಆದವು. ಏಕಾದಶಿಯ ಮಾತು ಒಂದೇ ಆಗಲಿಲ್ಲ. ಶನಿವಾರ ಬೆಳಿಗ್ಗೆ ದ್ವಾರಕಾಬಾಯಿ ಸ್ನಾನ ಮಾಡಿ, ವೆಂಕಟರಮಣನ ಗುಡಿಗೆ ಹೋಗಿ ಬಂದು, ತೀರ್ಥವನ್ನೂ ಒಂದೇ ಉದ್ಧರಣೆಯಷ್ಟು ತೆಗೆದುಕೊಂಡು, ಮೂರೂವರೆಗೆ ರೇಶಿಮೆ ಸೀರೆಯುಟ್ಟು ಕಾರಿನಲ್ಲಿ ಕೂತರು. ಅನ್ನಪೂರ್ಣಾಬಾಯಿ ಹುಬ್ಬಳ್ಳಿಯಲ್ಲಿ ಹತ್ತಿದರು. ಕೂಸು ಅವರ ತೊಡೆಗೆ ಹೋಯಿತು.

ಥೀಮ್ ಪಾರ್ಕಿನ ಬಾಗಿಲಲ್ಲಿ ತಂತಿಯಿಂದ ಕಟ್ಟಿದ, ನಾಲ್ಕಾಳೆತ್ತರದ ಕ್ರಿಸ್‌ಮಸ್ ಗಿಡ ನಿಂತಿತ್ತು. ಕೊಂಬೆ ಕೊಂಬೆಗೂ ದೀಪ. ಒಳಗೆ ಒಂದು ಅಂಗಳದಲ್ಲಿ ಯಂತ್ರಗಳು ಬರ್ಫು ಉಗುಳುತ್ತಿದ್ದವು. ಅದು ಸಾಬೂನಿನ ನೊರೆ. ಅಂಗೈಯಲ್ಲಿ ಹಿಡಿದರೆ ತಂಪಿರುವುದಿಲ್ಲ, ನೋಡುನೋಡುತ್ತ ಒಡೆದು ಹೋಗುತ್ತದೆ. ಪ್ರಣತಿಗೆ ಅಷ್ಟೇ ಸಾಕಾಗಿತ್ತು. ಅವಳು ಎರಡೂ ಕೈ ಚಾಚಿ ಓಡಿದಳು. ಅನ್ನಪೂರ್ಣಾಬಾಯಿ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದರು. ದ್ವಾರಕಾಬಾಯಿಯೂ ನಾಲ್ಕು ಹೆಜ್ಜೆ ಓಡಿದರು. ಕಣ್ಣು ಕತ್ತಲೆ ಬಂದಂತಾಗಿ ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಕೂತಲ್ಲಿಂದ ಎಲ್ಲ ಕಾಣುತ್ತಿತ್ತು. ಕೆಂಪು ಅಂಗಿಯ, ಬಿಳಿ ಗಡ್ಡದ ಸಾಂತಾ ಗಂಟೆ ಬಾರಿಸುತ್ತ ಮಕ್ಕಳ ನಡುವೆ ಬಂದ. ಪ್ರಣತಿ ಹೆದರಿ ಹಿಂದೆ ತಿರುಗಿ, ಅನ್ನಪೂರ್ಣಾಬಾಯಿಯ ಹೊಟ್ಟೆಗೆ ಮುಖ ಒತ್ತಿದಳು. ಅವರೇ ಹತ್ತಿರ ಇದ್ದರು. ಇದು ದ್ವಾರಕಾಬಾಯಿಗೂ ತಿಳಿಯುತ್ತಿತ್ತು. ತಿಳಿದರೂ, ಜ್ವರ ಬಂದ ರಾತ್ರಿಗಳಲ್ಲಿ ತಾವು ಎತ್ತಿಕೊಂಡು ತಿರುಗಿದ ಆ ಮೈ ಇನ್ನೊಬ್ಬರ ಸೀರೆಯನ್ನು ಹಿಡಿದುಕೊಂಡದ್ದು ನೋಡಿ ಎದೆಯೊಳಗೆ ಉರಿ ಹತ್ತಿತು.

ಊಟದ ಮಂಟಪದಲ್ಲಿ ಶಿಶಿರ, ಮೈತ್ರೇಯಿ ಸಾಲಿನಲ್ಲಿ ನಿಂತರು. ಅನ್ನಪೂರ್ಣಾಬಾಯಿ ಅಡಿಗೆಯವರ ಕಡೆಗೇ ನೇರ ಹೋಗಿ ಒಂದು ತಾಟು ಮುಚ್ಚಿ ತಂದು ಬೀಗತಿಯ ಮುಂದಿಟ್ಟರು.

“ತೊಗೋರಿ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ನಾಕ ದಿನದ ಹಿಂದನ ಫೋನ್ ಮಾಡಿ ಬ್ಯಾರೆ ಮಾಡಸ್ರಿ ಅಂತ ಹೇಳಿದ್ದೆ.”

ದ್ವಾರಕಾಬಾಯಿ ತಾಟನ್ನು ನೋಡಿದರು.

“ಇವತ್ತ ಏಕಾದಶಿ.”

“ನಿನ್ನಿ ಆತಲ್ಲ? ನಾ ನಿನ್ನಿ ಉಪವಾಸ ಇದ್ದೆ. ಶುಕ್ರವಾರ ಗದ್ದಲ ಕಡಿಮಿ ಇರ್ತದ, ಅಂದ ಬರ್ರಿ ಅಂದ್ರು ಈ ಪಾರ್ಕಿನವರು. ನೀವು ಊಟ ಮಾಡಂಗಿಲ್ಲ ಅಂತ ನಾನ ಶನಿವಾರ ಮಾಡಿಸಿದೆ.”

“ನಿಮ್ಮದು ನಿನ್ನಿ. ನಮ್ಮದು ಇವತ್ತ.”

ಅನ್ನಪೂರ್ಣಾಬಾಯಿ ಎದುರಿಗೆ ಕೂತರು. ಆಮೇಲೆ ಬೀಗತಿಯ ಒಣಗಿದ ತುಟಿ ನೋಡಿದರು.

“ನೀರು ಸುದ್ದಾ ಇಲ್ಲೇನು?”

“ಇಲ್ಲ.”

“ಒಂದು ವಾರದಿಂದ ದಿನಾ ಫೋನಿನಾಗ ಮಾತಾಡೀವಿ. ಸ್ವೆಟರಿನ ಗುಂಡಿ ಬಗ್ಗೆ ಸುದ್ದಾ ಮಾತಾಡೀವಿ. ಇದೊಂದು ಹೇಳಲಿಕ್ಕೆ ಆಗಲಿಲ್ಲ ನಿಮಗ?” ಅವರ ದನಿ ಏರಲಿಲ್ಲ, ಅದರಿಂದಲೇ ಮಾತು ಹೆಚ್ಚು ನಾಟಿತು. “ನಾ ಬೇಕಂತ ಇಟ್ಟೀನಿ ಅಂತ ತಿಳಕೊಂಡ್ರಿ. ಹೌದಲ್ಲ?”

ದ್ವಾರಕಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಸುಳ್ಳು ಹೇಳುವ ರೂಢಿ ಅವರಿಗಿರಲಿಲ್ಲ.

“ಹೌದ್ರಿ.”

“ಹೊಟ್ಟಿಕಿಚ್ಚು ನಿಮಗಷ್ಟ ಅದ ಅಂತ ತಿಳಿದೀರೇನು? ತಿಂಗಳಿಗೊಮ್ಮೆ ಬರ್ತೀನಿ, ಎರಡು ದಿನ ಇರ್ತೀನಿ. ಆಟದ ಸಾಮಾನು ಹೊತಗೊಂಡು ಬರ್ತೀನಿ. ನಿಮ್ಮನ್ನ ಆಕಿ ಬರೇ ಅಜ್ಜಿ ಅಂತಾಳ. ನನಗ ಊರ ಹೆಸರು ಹಚ್ಚಿ ಕರೀತಾಳ. ಯಾರೋ ಬಂದು ಹೋಗೂ ಪೈ-ಪಾವಣ್ಯಾರನ್ನ ಕರದಂಗ.”

ದ್ವಾರಕಾಬಾಯಿ ಆ ಹೆಸರನ್ನು ದಿನಕ್ಕೆ ಹತ್ತು ಸಲ ಕೇಳಿದ್ದರು. ಕೇಳಿದಾಗಲೆಲ್ಲ ಅದರಲ್ಲಿ ಕುಂದಗೋಳವೇ ದೊಡ್ಡದಾಗಿ ಕೇಳಿಸಿ ಸಿಟ್ಟು ಬರುತ್ತಿತ್ತು. ಅದು ಬೀಗತಿಯನ್ನು ಎಷ್ಟು ದೂರ ಇಡುತ್ತಿತ್ತು ಎಂದು ಯೋಚಿಸಿರಲಿಲ್ಲ. ಈಗ ಯೋಚಿಸಿದರು. ಖರೇ ಹೇಳಬೇಕೆಂದರೆ, ಮೊದಲು ಅವರಿಗೆ ಸಂತೋಷವೇ ಆಯಿತು. ಆಮೇಲೆ ಆ ಸಂತೋಷಕ್ಕೆ ನಾಚಿಕೆಯಾಯಿತು.

“ನೀವು ಉಣ್ರಿ. ಆರತದ,” ಎಂದು ತಾಟನ್ನು ಅವರ ಕಡೆ ಸರಿಸಿದರು. “ನನ್ನ ಸಲುವಾಗಿ ಮಾಡಿಸಿದ್ದು. ಚೆಲ್ಲಬ್ಯಾಡ್ರಿ.”

ಅನ್ನಪೂರ್ಣಾಬಾಯಿ ಉಂಡರು. “ಸಪ್ಪಗದ,” ಎಂದರು. “ನಿಮ್ಮ ಕೈಯಾಗಿಂದಂಗ ಇಲ್ಲ.” ದ್ವಾರಕಾಬಾಯಿ ಅದನ್ನು ನಂಬಿದರು.

ಹಿಂತಿರುಗುವಾಗ ಕೂಸಿಗೆ ಕಾರು ಹೊರಡುವ ಮೊದಲೇ ನಿದ್ದೆ ಹತ್ತಿತು. ಅನ್ನಪೂರ್ಣಾಬಾಯಿ ಅಂದು ಹೇಳಿದ್ದಂತೆ ಅದು ದ್ವಾರಕಾಬಾಯಿಯ ಪಾಳಿ. ಅವರು ಪ್ರಣತಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸ್ವಲ್ಪ ದೂರ ಹಾಗೇ ಕೂತಿದ್ದರು. ಆಮೇಲೆ ಮೆಲ್ಲಗೆ ತಿರುಗಿಸಿ, ತಲೆಯನ್ನು ಬೀಗತಿಯ ತೊಡೆಗೆ ಕೊಟ್ಟರು. ಕಾಲುಗಳನ್ನು ಕೊಡಲಿಲ್ಲ. ಬೂಟು ಬಿಚ್ಚಿ, ಆ ಎರಡು ಪಾದಗಳನ್ನು ನವಲಗುಂದದವರೆಗೂ ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು.

ಅನ್ನಪೂರ್ಣಾಬಾಯಿ ಆ ರಾತ್ರಿ ಅಲ್ಲೇ ಉಳಿದರು. ದ್ವಾದಶಿಯ ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲು ಗಂಟು ಹಾಕಿ, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು “ಬರಲ್ಯಾ ಒಳಗ?” ಎಂದರು. ದ್ವಾರಕಾಬಾಯಿ ಅಗಸೆಸೊಪ್ಪಿನ ಬುಟ್ಟಿಯನ್ನು ಅವರ ಕಡೆಗೆ ನೂಕಿದರು. ನಡುಮನೆಯ ಹಾಸಿಗೆಯಲ್ಲಿ ಪ್ರಣತಿ ಅಂದು ಒಬ್ಬಳೇ ಮಲಗಿದ್ದಳು.

ಅಂದಿನಿಂದ ಏಕಾದಶಿ ಬಂದಾಗಲೆಲ್ಲ ಕುಂದಗೋಳದಿಂದ ಫೋನು ಬರುತ್ತದೆ: “ನಿಮ್ಮದು ಯಾವತ್ತ್ರಿ?” ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತದೆ. ಹಾಗೆಂದು ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಮುಂದಿನ ಬೇಸಿಗೆಯಲ್ಲಿ ಪ್ರಣತಿಯ ಮೊದಲ ಹಾಲುಹಲ್ಲು ಕುಂದಗೋಳದಲ್ಲಿ ಬಿದ್ದ ಸುದ್ದಿ ಬಂದಾಗ ದ್ವಾರಕಾಬಾಯಿ ಆ ದಿನವೆಲ್ಲ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಸಂಜೆ ಅವರು ಹೂಬತ್ತಿ ಹೊಸೆಯುತ್ತ ಕೂತಾಗ ವೆಂಕಣ್ಣನವರು ಎದುರಿಗೆ ಬಂದು ಕೂತರು.

“ಆ ಪಾರ್ಕಿಗೆ ಹೋಗಿ ಬಂದಮ್ಯಾಲೆ ನಿನ್ನ ಹೊಟ್ಟಿಕಿಚ್ಚು ಎಷ್ಟು ಕಡಿಮಿ ಆಗ್ಯದ, ಖರೇ ಹೇಳು. ಅರ್ಧಾ?”

“ಅಷ್ಟೆಲ್ಲ ಇಲ್ರಿ.”

“ಮತ್ತ ಎಷ್ಟು?”

ಅವರು ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿ ತಟ್ಟೆಯಲ್ಲಿಟ್ಟರು. ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆದರು.

“ಹದಿನಾರಾಣ್ಯಾಗ,” ಎಂದರು, “ಐದಾಣೆ.”