ಕರೆದರೆ ಬಂದು ಕೂತವನು

ಆತನ ಬಲಗಿವಿಗೆ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು. ಎಡಗಿವಿ ಎಲ್ಲರ ಕಿವಿಯ ಹಾಗೆಯೇ ಇತ್ತು; ಬಲಗಿವಿ ಮಾತ್ರ ಆಗಷ್ಟೇ ಬಳಿದ ಗುಡಿಯ ಮೂಲೆಯಂತೆ ಬೆಳ್ಳಗೆ. ಗೋಡೆಯೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಆತ ಗೋಡೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎಷ್ಟು ಹೊತ್ತು ಎಂದು ಹೇಳಲಾರೆ. ಹೊಸ್ತಿಲು ದಾಟಿ ಬಂದ ಮಧ್ಯಾಹ್ನದ ಬಿಸಿಲು ಒಂದು ಫರಸಿಕಲ್ಲಿನಿಂದ ಇನ್ನೊಂದಕ್ಕೆ ಸರಿಯುವವರೆಗೂ ಹಾಗೇ ನಿಂತಿರುತ್ತಿದ್ದ. ಮನೆಯವರೂ ಮಾತು ನಿಲ್ಲಿಸಿ, ಪಾತ್ರೆ ಸದ್ದು ಮಾಡದೆ, ಉಸಿರನ್ನೂ ತುಸು ಹಗುರ ಮಾಡಿಕೊಂಡು ಕಾಯುತ್ತಿದ್ದರು. ಕೊನೆಗೆ ನಿದ್ದೆಯಿಂದ ಎದ್ದವನಂತೆ ನಕ್ಕು, ಒಂದು ಜಾಗವನ್ನು ಬೆರಳಿನಿಂದ ಮುಟ್ಟುತ್ತಿದ್ದ. ಅಲ್ಲಿ ಒಡೆದರೆ ಅಲ್ಲೇ ನೀರು.

ಹೆಸರು ಇತ್ತು. ಆಧಾರ್ ಕಾರ್ಡಿನಲ್ಲಿ ಸಾಕಷ್ಟು ಉದ್ದವಾಗಿಯೇ ಇತ್ತು. ಆದರೆ ಚಿಕ್ಕೋಡಿಯ ನಮ್ಮ ಓಣಿ ಅಷ್ಟು ಉದ್ದದ ಹೆಸರಿಗೆ ಪುರಸೊತ್ತಿಲ್ಲದ ಓಣಿ. ನಳ ರಿಪೇರಿ ಮಾಡುವವನು, ಆದ್ದರಿಂದ ನಳದ ಮಾಮಾ. ಒಡಿಶಾದ ಸಮುದ್ರದ ಕಡೆಯ ಹಳ್ಳಿಯವನು. ಉಗಾರದ ಕಡೆ ಯಾವುದೋ ಕಟ್ಟಡಕ್ಕೆ ಪೈಪು ಹಾಕಲು ಬಂದ ಹತ್ತು ಜನರಲ್ಲಿ ಒಬ್ಬ. ಕೆಲಸ ಮುಗಿದ ಮೇಲೆ ಒಂಬತ್ತು ಜನ ಪುಣೆಗೆ ಹೋದರು, ಈತ ಉಳಿದ. ಯಾಕೆ ಎಂದು ಒಮ್ಮೆ ಕೇಳಿದೆ. "ನೀರ್ ಕೇಳ್ಕೋತ ಉಳದ್ನಿರಿ" ಎಂದ. ಸದಲಗಾದ ನೀರು ಸಣ್ಣ ದನಿಯಲ್ಲಿ ಮಾತಾಡುತ್ತದಂತೆ. ದಿಗ್ಗೇವಾಡಿಯದು ಮುದುಕರ ಹಾಗೆ ತನ್ನಷ್ಟಕ್ಕೆ ಗೊಣಗುತ್ತದಂತೆ. ನಮ್ಮ ಚಿಕ್ಕೋಡಿಯ ನಳದ್ದು ಮಾತ್ರ ನಾಲ್ಕು ದಿನ ಮೌನವ್ರತ, ಐದನೆಯ ದಿನ ಒಮ್ಮೆಲೇ ಭಾಷಣ.

ಭಾಷೆಯನ್ನೂ ಆತ ಗೋಡೆಗೆ ಕಿವಿ ಕೊಟ್ಟೇ ಕಲಿತ. ನಿಪ್ಪಾಣಿಯ ಗೋಡೆಗಳ ಹಿಂದೆ ಮರಾಠಿ ಕೇಳಿಸುತ್ತಿತ್ತು, ಅಥಣಿಯ ಗೋಡೆಗಳ ಹಿಂದೆ ಕನ್ನಡ. ಕಾಗವಾಡದಲ್ಲಿ ಒಂದೇ ಗೋಡೆಯ ಹಿಂದೆ ಅತ್ತೆಯದು ಒಂದು, ಸೊಸೆಯದು ಇನ್ನೊಂದು. ಇವು ಎರಡು ಬೇರೆ ಬೇರೆ ಭಾಷೆಗಳು ಎಂದು ಆತನಿಗೆ ಯಾರೂ ತಿಳಿಸಿರಲಿಲ್ಲ. ಹೀಗಾಗಿ ಒಂದೇ ಎಂದು ತಿಳಿದು ಎರಡನ್ನೂ ಕಲಿತುಬಿಟ್ಟ. ದೊಡ್ಡ ದೊಡ್ಡವರು ಕೂತು ಬಗೆಹರಿಸಲಾಗದ ಸಂಗತಿಯನ್ನು ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಬಗೆಹರಿಸಿದ. ಮಾತಿನ ಕೊನೆಗೆ 'ರಿ' ಹಚ್ಚುವುದನ್ನು ಮಾತ್ರ ಅಗತ್ಯಕ್ಕಿಂತ ಹೆಚ್ಚು ಕಲಿತ. ದಾರಿಗೆ ಅಡ್ಡ ಮಲಗಿದ ನಾಯಿಗೂ "ಬಾಜೂಕ ಸರೀರಿ" ಎನ್ನುತ್ತಿದ್ದ. ನಾಯಿಯೂ ಅಷ್ಟೇ ಮರ್ಯಾದೆಯಿಂದ ಸರಿಯುತ್ತಿತ್ತು.

ಆತನಿಗೆ ಇದ್ದ ಚಿಂತೆ ಒಂದೇ. ಹಾರ್ಡ್‌ವೇರ್ ಅಂಗಡಿಯ ಗೋದಾಮಿನಲ್ಲಿ, ಪೈಪುಗಳ ನಡುವೆ ಮಲಗುತ್ತಿದ್ದ. ಊರಲ್ಲಿ ಹೆಂಡತಿ ಇದ್ದಳು. ಮುಖ ನೋಡಿ ಎರಡು ವರ್ಷವಾಗಿತ್ತು. ಒಂದು ಬಾಡಿಗೆ ಖೋಲಿ ಸಿಕ್ಕರೆ ಕರೆದುಕೊಂಡು ಬರಬೇಕು. ಎಲ್ಲಿ ನಳ ರಿಪೇರಿಗೆ ಹೋದರೂ ಕೆಲಸ ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದ: "ಒಂದ್ ಖೋಲಿ ಐತೇನ್ರಿ?" ನಮ್ಮ ಹಿತ್ತಲಲ್ಲೂ ಒಂದು ಖೋಲಿ ಇತ್ತು. ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ನಾನು ಅದರಲ್ಲಿ ಇಪ್ಪತ್ತು ವರ್ಷದ ಹಳೆಯ ಪತ್ರಿಕೆಗಳನ್ನು ವರ್ಷವಾರು ಜೋಡಿಸಿಟ್ಟಿದ್ದೆ. "ಖಾಲಿ ಇಲ್ಲಪಾ" ಎಂದೆ. ಪತ್ರಿಕೆಗಳ ಮಟ್ಟಿಗೆ ಅದು ನಿಜವೂ ಆಗಿತ್ತು.

ಇಲ್ಲಿ ನಮ್ಮ ಭಾಗದ ಒಂದು ಅಲಿಖಿತ ಕಾಯಿದೆಯನ್ನು ದಾಖಲಿಸಬೇಕು. ಉಣ್ಣುತ್ತಿರುವವನು, ದಾರಿಯಲ್ಲಿ ಹೋಗುವವನು ಕಣ್ಣಿಗೆ ಬಿದ್ದರೆ, "ಬರ್ರಿ, ಊಟಾ ಮಾಡೂಣು" ಎಂದು ಕರೆಯತಕ್ಕದ್ದು. ಕರೆಸಿಕೊಂಡವನು ಎದೆಯ ಮೇಲೆ ಕೈಯಿಟ್ಟು, "ಆಗೇತ್ರಿ, ನೀವು ಮಾಡ್ರಿ" ಎಂದು ಮುಂದೆ ಹೋಗತಕ್ಕದ್ದು. ಕರೆಯದವನು ಮನುಷ್ಯನಲ್ಲ. ಕರೆದ ಕೂಡಲೇ ಬಂದವನೂ ಅಲ್ಲ. ಈ ಕಾಯಿದೆ ಯಾವ ಕಾಲದಿಂದ ಜಾರಿಯಲ್ಲಿದೆಯೋ ತಿಳಿಯದು. ಮಕ್ಕಳಿಗೆ ಯಾರೂ ಕಲಿಸುವುದಿಲ್ಲ, ಹುಟ್ಟುತ್ತಲೇ ತಿಳಿದಿರುತ್ತದೆ.

ನಳದ ಮಾಮಾ ಇಲ್ಲಿ ಹುಟ್ಟಿರಲಿಲ್ಲ.

ನಮ್ಮ ಬಚ್ಚಲಗೋಡೆ ಸೋರಿದ ದಿನ ಆತ ಮೊದಲ ಸಲ ಬಂದಿದ್ದ. ಮಧ್ಯಾಹ್ನ ಅವ್ವ, ನಾನು ಇಬ್ಬರೂ ತಾಟಿನ ಮುಂದೆ ಕೂತೆವು. ಅವ್ವ ವಾಡಿಕೆಯಂತೆ ಕೂಗಿದಳು: "ಬಾರೋ ತಮ್ಮಾ, ಊಟಾ ಮಾಡ ಬಾ." ಆತ ಪಾನಾ ಕೆಳಗಿಟ್ಟ. ಕೈಕಾಲು ತೊಳೆದುಕೊಂಡ. ಬಂದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಬುಟ್ಟಿಯಲ್ಲಿ ಇದ್ದದ್ದು ನಾಲ್ಕು ಭಕ್ರಿ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು, ಆಮೇಲೆ ತನ್ನ ಎರಡನ್ನೂ ಆತನ ತಾಟಿಗೆ ಹಾಕಿ, ಝುಣಕ ಬಡಿಸಿ, ತಾನು ಮಜ್ಜಿಗೆ ಕುಡಿದಳು. ಆತ ಕಣ್ಣು ಮುಚ್ಚಿಕೊಂಡು ಅಗಿದ. ಗೋಡೆಯ ಹತ್ತಿರ ನಿಂತಾಗ ಇದ್ದ ಅದೇ ಮುಖ. ಎಲ್ಲೋ ದೂರದಲ್ಲಿ ಹರಿಯುವ ನೀರನ್ನು ಕೇಳುತ್ತಿರುವ ಹಾಗೆ.

ಮುಂದೆ ಈ ವಿದ್ಯಮಾನ ಊರ ತುಂಬ ಹಬ್ಬಿತು. ದರ್ಜಿ ಊಟದ ಡಬ್ಬಿ ಬಿಚ್ಚಿ ಕರೆದ, ಈತ ಕೂತ. ಹಾರ್ಡ್‌ವೇರ್ ಅಂಗಡಿಯ ಕಾರಕೂನ ಕರೆದ, ಕೂತ. ಎದುರುಮನೆಯ ನಿವೃತ್ತ ತಲಾಟಿಯವರು ರವಿವಾರದ ಹೋಳಿಗೆ ಊಟದ ನಡುವೆ, ಬಾಯಿ ತಪ್ಪಿ ಅಲ್ಲ, ಸಂಪ್ರದಾಯ ಬಿಡಲಾಗದೆ ಕರೆದರು. ಈತ ಕೂತು ಹೋಳಿಗೆಯನ್ನು ಮನಸಾರೆ ಹೊಗಳಿದ. ಮರುದಿನ ತಲಾಟಿಯವರು ನನ್ನ ಕಟ್ಟೆಗೆ ಬಂದರು.

"ಕರದ್ರ ಬಂದ ಬಿಡತಾನಲ್ರೀ."

"ಕರೀಬ್ಯಾಡ್ರಿ ಮತ್ತ."

"ಕರೀದ ಹೆಂಗ ಉಣ್ಣೂದ್ರಿ? ನಾವೇನ್ ಮನಷ್ಯಾರಲ್ಲೇನು?"

ಈ ಧರ್ಮಸಂಕಟಕ್ಕೆ ಓಣಿ ತನ್ನದೇ ಪರಿಹಾರ ಕಂಡುಕೊಂಡಿತು. ಮಧ್ಯಾಹ್ನ ಬಾಗಿಲುಗಳು ಮುಚ್ಚತೊಡಗಿದವು. ನಳ ಕೆಟ್ಟರೂ ಊಟದ ಹೊತ್ತು ದಾಟಿದ ಮೇಲೆ ಹೇಳಿ ಕಳಿಸುವುದು ರೂಢಿಯಾಯಿತು. ಖೋಲಿ ಕೇಳಿದರೆ, ಇನ್ನೂ ಪೂರ್ತಿ ಕೇಳುವ ಮೊದಲೇ "ಇಲ್ಲ" ಎಂಬ ಉತ್ತರ ಬರತೊಡಗಿತು. ಉಣ್ಣಲು ಬರುವವನನ್ನು ಇರಲು ಕರೆದರೆ ಏನು ಗತಿ ಎಂಬುದು ಓಣಿಯ ವಾದ. ಆತನಿಗೆ ತಿಳಿಸಿ ಹೇಳುವ ಹೊಣೆಯನ್ನು ತಲಾಟಿಯವರು ನನಗೆ ವಹಿಸಿದರು. ಹೆಡ್ ಕ್ಲಾರ್ಕಿಗೆ ನೋಟೀಸು ಜಾರಿ ಮಾಡುವುದು ಗೊತ್ತಿರುತ್ತದೆ ಎಂದು.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂಡಿಸಿ ಹೇಳಿದೆ. ಕಬ್ಬಿನ ಕಾಲ, ಯಾವುದೋ ಗಾಣದ ಬೆಲ್ಲದ ಹೊಗೆ ಗಾಳಿಯಲ್ಲಿ ಸಿಹಿಯಾಗಿ ತೇಲಿ ಬರುತ್ತಿತ್ತು. ಕರೆಯುವುದು ನಮ್ಮ ಪದ್ಧತಿ, ಬರದೇ ಇರುವುದು ನಿಮ್ಮ ಮರ್ಯಾದೆ ಎಂದು ವಿವರಿಸಿದೆ. ಆತ ಕಣ್ಣು ಮುಚ್ಚಿ ಕೇಳಿದ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದ. ಈ ಸಲ ನಗಲಿಲ್ಲ.

"ಹಂಗಾದ್ರ ಅವ್ವಾರು ಕರದದ್ದೂ ಹಂಗೇನ್ರಿ?"

ನಾನು "ಹೌದು" ಎಂದೆ. ನನ್ನ ಇಡೀ ಸೇವಾವಧಿಯಲ್ಲಿ ಓದದೆ ಸಹಿ ಹಾಕಿದ ಕಾಗದಗಳು ಅನೇಕ. ಅವೆಲ್ಲ ಸೇರಿದರೂ ಆ ಒಂದು 'ಹೌದಿ'ನಷ್ಟು ಭಾರವಾಗಲಿಕ್ಕಿಲ್ಲ.

ಆಮೇಲೆ ಆತ ನಮ್ಮ ಕಾಯಿದೆಯನ್ನು ನಮಗಿಂತ ಚೆನ್ನಾಗಿ ಪಾಲಿಸತೊಡಗಿದ. ಕೈ ಎದೆಯ ಮೇಲೆ, ಕತ್ತು ತುಸು ವಾಲಿಸಿ, "ಆಗೇತ್ರಿ, ನೀವು ಮಾಡ್ರಿ." ಬೆಳಿಗ್ಗೆ ಎಂಟಕ್ಕೆ ಚಹಾಕ್ಕೆ ಕರೆದರೂ "ಆಗೇತ್ರಿ." ನೀರು ಬೇಕೇ ಎಂದರೂ "ಆಗೇತ್ರಿ." ಓಣಿಯ ಬಾಗಿಲುಗಳು ಮತ್ತೆ ತೆರೆದವು. "ಈಗ ನಮ್ಮಾಂವ ಆದ ನೋಡ್ರಿ" ಎಂದು ತಲಾಟಿಯವರು ತೃಪ್ತಿಪಟ್ಟರು. ಖೋಲಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಆತನೂ ಈಗ ಕೇಳುವುದನ್ನು ಬಿಟ್ಟಿದ್ದ. ಆತನ ಅಂಗಿ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಗೋಡೆಗೆ ಒರಗಿ ನಿಂತರೆ, ಕೇಳುತ್ತಿದ್ದಾನೋ ಅಥವಾ ಗೋಡೆಯೇ ಆತನನ್ನು ಹಿಡಿದು ನಿಲ್ಲಿಸಿದೆಯೋ ತಿಳಿಯುತ್ತಿರಲಿಲ್ಲ. ಪುಣೆಗೆ ಹೋಗುವ ವಿಚಾರ ಮಾಡುತ್ತಿದ್ದಾನೆ ಎಂದು ಅಂಗಡಿಯವರು ಹೇಳಿದರು.

ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಹಾದು ಹೋಗುತ್ತಿದ್ದ. ಅವ್ವ ತಾಟಿನ ಮುಂದಿನಿಂದ ಕರೆದಳು. ಆತ ಎದೆಯ ಮೇಲೆ ಕೈಯಿಟ್ಟ.

"ಆಗೇತ್ರಿ ಅವ್ವಾರ, ನೀವು ಮಾಡ್ರಿ."

"ಏನ್ ಉಂಡಿ?" ಎಂದಳು ಅವ್ವ.

ನಮ್ಮ ಕಾಯಿದೆಯಲ್ಲಿ ಈ ಪ್ರಶ್ನೆಗೆ ಅವಕಾಶವೇ ಇಲ್ಲ. ಸಾವಿರಾರು ಮಧ್ಯಾಹ್ನಗಳಲ್ಲಿ, ಸಾವಿರಾರು ಬಾಗಿಲುಗಳಲ್ಲಿ, ಯಾರೂ ಯಾರನ್ನೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಆತ ಬಾಯಿ ತೆರೆದ. ಕಲಿತ ಎರಡು ಭಾಷೆಗಳಲ್ಲಿ ಯಾವುದರಲ್ಲೂ ಉತ್ತರ ಸಿಗಲಿಲ್ಲ. ಬೀದಿಯಲ್ಲಿ ಬಿಸಿಲು ನಿಂತೇ ಇತ್ತು. ಎದೆಯ ಮೇಲಿನ ಕೈಯನ್ನು ತೆಗೆಯುವುದನ್ನೂ ಮರೆತು ಆತ ನಿಂತಿದ್ದ.

"ಒಳಗ ಬಾ," ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ನೀ ಏನ್ ಹೇಳಿದಿ ಇಂವಗ?"

ಹೇಳಿದ್ದನ್ನೇ ಹೇಳಿದೆ.

"ನಾ ಬಾಯಿಮಾತಿಗೆ ಕರದ್ನಿ, ಅದ ಖರೆ," ಎಂದಳು. "ಆದ್ರ ಅಂವ ಬಂದ ಕುಂತ ಮ್ಯಾಲ ಅದು ಬಾಯಿಮಾತ ಉಳೀಲಿಲ್ಲ. ನೀ ಯಾರು ಅದನ್ನ ಸುಳ್ಳ ಮಾಡಾಂವ?" ಆತನ ತಾಟಿಗೆ ಭಕ್ರಿ ಮುರಿದು ಹಾಕುತ್ತ, ನನ್ನನ್ನು ನೋಡದೆಯೇ ಕೇಳಿದಳು: "ಹಿತ್ತಲ ಖೋಲ್ಯಾಗ ಏನೈತಿ?"

"ಹಳೇ ಪೇಪರ್."

"ಓದಿ ಮುಗದಾವಿಲ್ಲೋ?"

ಮರುದಿನವೇ ಇಪ್ಪತ್ತು ವರ್ಷಗಳ ಇತಿಹಾಸವನ್ನು ಕಟ್ಟು ಕಟ್ಟಾಗಿ ರದ್ದಿಯವನು ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋದ. ಹದಿನೈದು ದಿನಗಳಲ್ಲಿ ಆತನ ಹೆಂಡತಿ ಬಂದಳು. ಒಂದು ಟ್ರಂಕು, ಎರಡು ಪಾತ್ರೆ, ತಲೆಯ ಮೇಲೆ ಸೆರಗು. ಆಕೆ ಮಾತು ಕಲಿತದ್ದು ಗೋಡೆಯಿಂದಲ್ಲ, ಅವ್ವನಿಂದ. ಆದ್ದರಿಂದ ಗಂಡನಿಗಿಂತ ಜೋರಾಗಿ ಕಲಿತಳು.

ಅವರು ಮಧ್ಯಾಹ್ನ ಓಣಿಯ ಕಡೆಗಿನ ಹಿತ್ತಲ ಬಾಗಿಲು ತೆರೆದಿಟ್ಟು ಉಣ್ಣುತ್ತಿದ್ದರು. ನಿನ್ನೆಯ ಅನ್ನಕ್ಕೆ ನೀರು ಹಾಕಿಟ್ಟದ್ದು, ಸುಟ್ಟ ಬದನೆಕಾಯಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ. ಓಣಿಯಲ್ಲಿ ಯಾರು ಹೋದರೂ ನಳದ ಮಾಮಾ ಕರೆಯುತ್ತಿದ್ದ. "ಆಗೇತಿ" ಎಂದರೆ ಅವ್ವನ ಪ್ರಶ್ನೆ ಕೇಳುತ್ತಿದ್ದ, ಆದರೆ ತನ್ನ 'ರಿ' ಹಚ್ಚಿ: "ಏನ್ ಉಂಡ್ರಿ?" ಓಣಿ ತತ್ತರಿಸಿತು. ದರ್ಜಿ ಒಮ್ಮೆ ಸುಳ್ಳು ಹೇಳಲು ಹೋಗಿ, ಏನೂ ನೆನಪಾಗದೆ, ಬಂದು ಕೂತ. ತಲಾಟಿಯವರು ಒಂದು ಬೇಸಗೆಯಿಡೀ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು. ಕೊನೆಗೆ ಬಿಸಿಲೋ, ಬದನೆಕಾಯಿಯ ವಾಸನೆಯೋ, ಅವರನ್ನೂ ಕೂಡಿಸಿತು. ನೀರು ಹಾಕಿದ ಅನ್ನ ಉಂಡು, ಬೇವಿನ ನೆರಳಲ್ಲಿ ಗೋಡೆಗೊರಗಿ, ಅರ್ಧ ನಿದ್ದೆಯಲ್ಲಿ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಇಷ್ಟ್ ದಿನಾ ನಾವು ಒಬ್ಬರಿಗೊಬ್ರು ಬರೇ ದಾಟಿ ಹೋದಿವೇನ್ರಿ ಮತ್ತ?" ಎಲ್ಲರೂ ಅರ್ಧ ನಿದ್ದೆಯಲ್ಲಿದ್ದೆವು. ಗೋಡೆಯೊಳಗೆ ಎಲ್ಲೋ ನೀರು ಹೋಗುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಬಂದವರೆಲ್ಲ ಮಾತಾಡಿಸಿ ಹೋದರು. ಹದಿಮೂರು ದಿನ ಕಳೆದು ಮನೆ ಖಾಲಿಯಾದ ಮಧ್ಯಾಹ್ನ, ಆತ ಕರೆಯಲೂ ಇಲ್ಲ, ಕೇಳಲೂ ಇಲ್ಲ. ಹಿತ್ತಲ ಬಾಗಿಲಿನಿಂದ ಎರಡು ತಾಟು ಹಿಡಿದು ಬಂದು, ಒಂದನ್ನು ನನ್ನ ಮುಂದೆ ಇಟ್ಟು, ಇನ್ನೊಂದರ ಮುಂದೆ ತಾನು ಕೂತ. ಚಕ್ಕಳಮಕ್ಕಳ ಹಾಕಿ, ಮೊದಲ ದಿನ ಕೂತ ಜಾಗದಲ್ಲೇ.

ಹೋದ ವರ್ಷ ಮಳೆಗಾಲದ ನಂತರ ಗಂಡ ಹೆಂಡತಿ ಊರಿಗೆ ಹೋದರು. ಮನೆಯ ಮಾಡು ಕುಸಿದಿದೆ, ಸರಿ ಮಾಡಿಸಿ ಬರುತ್ತೇವೆ ಎಂದು ಖೋಲಿಯ ಕೀಲಿ ನನ್ನ ಕೈಗೆ ಕೊಟ್ಟಿದ್ದರು. ಟ್ರಂಕು ಇಲ್ಲೇ ಇತ್ತು. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು, ಆಕೆಯದು. ಆತನಿಗೆ ನಾಲ್ಕು ದಿನದ ಜ್ವರ ಎಂದಳು. ನಿನ್ನೆ ಎಲ್ಲ ಮುಗಿಯಿತು ಎಂದಳು. ಅವ್ವ ಕಲಿಸಿದ ಕನ್ನಡದಲ್ಲಿ, ಒಂದು ಮಾತೂ ತಪ್ಪದೆ ಹೇಳಿದಳು. ಸಮಾಧಾನಕ್ಕೆ ಏನು ಹೇಳಬೇಕು ಎಂಬ ಬಗ್ಗೆ ನನ್ನ ಯಾವ ಕಾಯಿದೆಯಲ್ಲೂ ಏನೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ.

"ಊಟಾ ಮಾಡಿಯೇನವಾ?"

"ಆಗೇತ್ರಿ ಅಣ್ಣಾರ."

"ಏನ್ ಉಂಡಿ?"

ಫೋನನ್ನು ಬಲಗಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತೆ. ಬಿಸಿಲು ಹೊಸ್ತಿಲು ದಾಟಿ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಮೊದಲು ಅಳು ಕೇಳಿಸಿತು. ಅದು ಮುಗಿಯುವವರೆಗೂ ನಿಂತೆ. ಆಮೇಲೆ ಬಹಳ ದೂರದಲ್ಲಿ, ಯಾವುದೋ ಗೋಡೆಯ ಆಚೆ ಇದ್ದ ಹಾಗೆ, ತಾಟು ಇಟ್ಟ ಸದ್ದು, ಅನ್ನದ ಮೇಲೆ ನೀರು ಸುರಿದ ಸದ್ದು ಕೇಳಿಸಿತು.