ಕುತ್ತಿಗೆಗೆ ಮೊಳೆಪಟ್ಟಿ

ಶೆಟ್ಟಿಕೆರೆ ದಾಟಿ ಸಿಕ್ಕ ಕೆರೆ. ರಜೆಯ ಕಾಲವಲ್ಲ, ನಾನು, ಹೆಂಡತಿ, ಮಗಳು ಬಿಟ್ಟರೆ ದಂಡೆಯಲ್ಲಿ ಯಾರೂ ಇರಲಿಲ್ಲ. ನಾವು ತಿಪಟೂರಿನವರು, ತೆಂಗಿನ ಮರದಡಿ ಮಲಗಿದರೆ ಕಾಯಿ ಯಾವಾಗ ತಲೆಗೆ ಬೀಳುತ್ತದೋ ಎಂಬ ಭಯ ಹುಟ್ಟಿನಿಂದ ಬಂದದ್ದು. ಅದಕ್ಕೇ ತೋಟದಿಂದ ದೂರ, ಬಂಡೆಯ ಮಗ್ಗುಲಲ್ಲಿ ಟೆಂಟ್ ಹಾಕಿದೆ.

ಸಂಜೆ ಕುರಿ ಹೊಡೆದುಕೊಂಡು ಅಜ್ಜಿಯೊಬ್ಬಳು ಬಂದಳು. ಅವಳ ನಾಯಿಯ ಕುತ್ತಿಗೆಗೆ ಚೂಪು ಮೊಳೆಗಳು ಹೊರಚಾಚಿದ ಕಬ್ಬಿಣದ ಪಟ್ಟಿ.

“ಇದ್ಯಾಕಜ್ಜಿ?” ಎಂದೆ.

“ಚಿರತೆ ಮೊದ್ಲು ಕುತ್ತಿಗೆಗೇ ಬಾಯಿ ಹಾಕ್ತದೆ ಕಣಪ್ಪ. ಅದು ಕೂರೋ ಬಂಡೆ ಪಕ್ಕದಲ್ಲೇ ಡೇರೆ ಹಾಕಿದ್ದೀಯಲ್ಲ!”

“ಮರದ ಕೆಳಗೆ ಕಾಯಿ ಬೀಳುತ್ತೆ ಅಂತ...”

“ಕಾಯಿ ಬಿದ್ರೆ ಸದ್ದಾದ್ರೂ ಆಯ್ತದೆ. ಬಿಚ್ಚು, ಬಿರ್ರನೆ.”

ನಾಯಿ ಬಂಡೆಯ ಕಡೆ ತಿರುಗಿ ಗುರ್ರೆಂದಿತು. ಕುರಿಗಳೆಲ್ಲ ಒಟ್ಟಿಗೆ ನಿಂತುಬಿಟ್ಟವು. ನಾನು ಟೆಂಟಿನ ಗೂಟ ಕೀಳತೊಡಗಿದೆ. ಹೆಂಡತಿ ತನ್ನ ವೇಲನ್ನು ಮಗಳ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

ಈಗ ಚಿಕ್ಕನಾಯಕನಹಳ್ಳಿಯ ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿ ಬರೆಯುತ್ತಿದ್ದೇನೆ. ಸುತ್ತ ಜನ, ದೀಪ, ಬಸ್ಸಿನ ಹಾರ್ನ್. ಮಗಳು ಸೆಕೆ ಸೆಕೆ ಎನ್ನುತ್ತಿದ್ದಾಳೆ. ಅವಳಮ್ಮ ಗಂಟು ಬಿಚ್ಚಗೊಡುತ್ತಿಲ್ಲ.