ಶೋಕೇಸಿನಲ್ಲಿ ಎಂಟು ದಿನ

ಮೊನ್ನೆ ಮುಧೋಳದಲ್ಲಿ ಒಂದು ಮದುವೆಯ ಫೋಟೊ ತೆಗೆಯುವಾಗ ಮದುಮಗಳ ಅತ್ತಿಗೆ ಪೌಡರ್ ಡಬ್ಬಿ ತೆರೆದಳು. ಈಗಿನ ಮೇಕಪ್ಪಿನ ಸಾಮಾನಲ್ಲ, ಗುಲಾಬಿ ವಾಸನೆಯ ಹಳೇ ಕಾಲದ ಪೌಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜಮಖಂಡಿಯ ಸ್ಟುಡಿಯೋ ಕಾಕಾ ನೆನಪಾದರು. ಅವರ ಒಳಕೋಣೆಯಲ್ಲಿ ಒಂದು ಕನ್ನಡಿ, ಅದರ ಕೆಳಗೆ ಹಲ್ಲು ಮುರಿದ ಹಣಿಗೆ, ಪಕ್ಕದಲ್ಲಿ ಇಂಥದೇ ಡಬ್ಬಿ... ಅವರು ನೆನಪಾಗಬಾರದಿತ್ತು. ಮೊದಲೇ ನನಗೆ ನಿದ್ದೆಗೆಡಿಸುವ ಚಿಂತೆಯೊಂದು ಹತ್ತಿತ್ತು.

ಬರುವ ಸೋಮವಾರ ಬನಹಟ್ಟಿಯಲ್ಲಿ ನನ್ನ ಸ್ಟುಡಿಯೋ ಶುರುವಾಗಬೇಕು. ಇಷ್ಟು ವರ್ಷ ಬೇರೆಯವರ ಕೈಕೆಳಗೆ ಆಲ್ಬಮ್ ಮಾಡಿಕೊಟ್ಟು, ಈಗ ಸ್ವಂತದ್ದು. ಕಾರ್ಡು ಹಂಚಿ ಆಗಿದೆ, ಕಾರ್ಡಿನ ಮೇಲೆ ವೆಬ್‌ಸೈಟಿನ ವಿಳಾಸವೂ ಇದೆ, ವೆಬ್‌ಸೈಟು ಮಾತ್ರ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಜಾತಿ ನಾನು. ಟೆಂಪ್ಲೇಟು ನೋಡಿ ನೋಡಿ ಕಡೆಗೆ ಎರಡು ಉಳಿದಿದ್ದವು. ಒಂದರಲ್ಲಿ ಮೊದಲ ಪುಟದ ತುಂಬ ಒಂದೇ ಮುಖ. ಇನ್ನೊಂದರಲ್ಲಿ ಸಣ್ಣ ಸಣ್ಣ ಚೌಕಗಳು; ಮೆಹಂದಿಯ ಕೈ, ಕಾಲುಂಗುರ, ಸೀರೆಯ ಸೆರಗು ತುಂಬಿದರೆ ಸಾಕು, ಯಾರ ಮುಖವೂ ಬೇಡ. ಆಸೆ ಮೊದಲನೆಯದರ ಮೇಲೆ, ಧೈರ್ಯ ಎರಡನೆಯದರಷ್ಟೇ. ಮೊದಲನೆಯದಕ್ಕೆ ಹೇಳಿ ಮಾಡಿಸಿದಂಥ ಫೋಟೊ ನನ್ನ ಹತ್ತಿರ ಇತ್ತು. ಬೀಳಗಿಯ ಹುಡುಗಿಯೊಬ್ಬಳು ತನ್ನ ಮದುವೆಯಲ್ಲಿ, ಅಕ್ಷತೆ ಬೀಳುವ ಮೊದಲು, ಯಾರನ್ನೋ ಕಂಡು ನಕ್ಕದ್ದು. ವೆಬ್‌ಸೈಟಿಗೆ ಹಾಕಲೇ ಎಂದು ಕೇಳಿದ್ದೆ, ಹೂಂ ಅಂದಿದ್ದಳು. ಆದರೆ ಹುಡುಗಿಯರ ಹೂಂ ಎಷ್ಟು ದಿನ ಬಾಳುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗಾಗ ಹದಿನಾರು. ಕಾಲೇಜಿನ ಅರ್ಜಿಗೆ ಫೋಟೊ ತೆಗೆಸಲು ಕಾಕಾ ಅವರಲ್ಲಿಗೆ ಹೋಗಿದ್ದೆ. ಕೂರಿಸಿ ಕ್ಲಿಕ್ ಮಾಡಿ ಕಳಿಸುವ ಪೈಕಿ ಅಲ್ಲ ಅವರು. ಮುಖದ ಬಿಗಿ ಸಡಿಲಾಗುವತನಕ ಮಾತಾಡಿಸುತ್ತಿದ್ದರು, ಕ್ಯಾಮೆರಾ ಮುಟ್ಟುತ್ತಲೇ ಇರಲಿಲ್ಲ. ಪೇಟೆಯಲ್ಲಿ ಅಪ್ಪನ ಜವಳಿ ಅಂಗಡಿ ಇರುವುದು, ನನ್ನನ್ನು ಕಾಲೇಜಿಗೆ ಕಳಿಸಲು ಅಪ್ಪ ಅರ್ಧ ಮನಸ್ಸಿನಿಂದ ಒಪ್ಪಿರುವುದು, ಎಲ್ಲವನ್ನೂ ನನ್ನ ಬಾಯಿಂದಲೇ ಹೊರಡಿಸಿದ್ದರು. ಅರ್ಜಿಯ ಫೋಟೊ ಆದ ಮೇಲೆ ರೋಲಿನಲ್ಲಿ ಒಂದು ಉಳಿದಿದೆ ಎಂದು ಇನ್ನೊಂದು ತೆಗೆದರು. ಫೋಟೊ ತರಲು ಹೋದಾಗ ಅದನ್ನು ದೊಡ್ಡದು ಮಾಡಿ ಇಟ್ಟಿದ್ದರು. ಇವಳು ನಾನೇ ಹೌದೋ ಅಲ್ಲವೋ ಅನ್ನಿಸುವಷ್ಟು ಚೆಂದ ಬಂದಿತ್ತು.

"ಹೊರಗ ಶೋಕೇಸಿನ್ಯಾಗ ಹಚ್ಚಲೇನವಾ? ನೀ ಹೂಂ ಅಂದ್ರಷ್ಟ," ಎಂದರು.

ನಾನು ಹೂಂ ಅಂದೆ. ಒಂದಲ್ಲ, ಎರಡು ಸಲ ಅಂದೆ.

ಎಂಟು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸಿಗೆ ಕಾಯುವ ನೆಪ ಮಾಡಿ ಎದುರಿನ ಕಟ್ಟೆಯ ಹತ್ತಿರ ನಿಂತು ನನ್ನನ್ನು ನಾನೇ ನೋಡಿಕೊಂಡು ಬರುತ್ತಿದ್ದೆ. ಒಂಬತ್ತನೆಯ ದಿನ ನೆಂಟರೊಬ್ಬರು ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ವಯಸ್ಸಿಗೆ ಬಂದ ಮಗಳ ಮುಖ ಬೀದಿಯಲ್ಲಿ ತೂಗುತ್ತಿದೆ ಅಂದರೆ ಕೇಳಬೇಕೆ? ನೀನು ಒಪ್ಪಿದ್ದೆಯೇನು ಎಂದು ಅಪ್ಪ ನನ್ನನ್ನು ಕೇಳಿದರು. ನಾನು ಇಲ್ಲ ಎಂದೆ. ಅಷ್ಟು ಸಲೀಸಾಗಿ ಆ ಮಾತು ಹೇಗೆ ಬಂತೋ... ಇವತ್ತಿಗೂ ತಿಳಿಯದು.

ಅಪ್ಪ ನನ್ನನ್ನೂ ಕರೆದುಕೊಂಡೇ ಸ್ಟುಡಿಯೋಗೆ ನಡೆದರು. ಹುಡುಗಿಯನ್ನು ಕೇಳದೆ, ಹಿರಿಯರನ್ನು ಕೇಳದೆ, ನಿನಗೆಷ್ಟು ಸೊಕ್ಕು ಎಂದು ಕೂಗಾಡಿದರು. ಜನ ಕೂಡಿತು. ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ.

"ತಪ್ಪಾತ್ರೀ ಸಾವಕಾರ್ರ," ಎಂದರು ಅವರು. "ಹುಡುಗಿನ್ನ ಕೇಳದ ಹಚ್ಚೀನಿ."

ಬೀಗ ತೆಗೆದು ಫೋಟೊ ಇಳಿಸಿದರು, ನೆಗೆಟಿವನ್ನೂ ಕತ್ತರಿಸಿ ಅಪ್ಪನ ಕೈಗೆ ಕೊಟ್ಟರು. ಮಾತು ಅಲ್ಲಿಗೆ ಮುಗಿಯಲಿಲ್ಲ. ಕೇಳದೆ ಹಚ್ಚುವವನು ಎಂದು ಅವರಿಗೆ ಹೆಸರು ಬಿತ್ತು. ಗಂಡಿನ ಕಡೆಗೆ ಕಳಿಸುವ ಫೋಟೊ ತೆಗೆಸಲು ಹಿಪ್ಪರಗಿ, ತುಬಚಿಯಿಂದ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದವರು ಬೇರೆ ಸ್ಟುಡಿಯೋ ಹಿಡಿದರು. ಶೋಕೇಸಿನಲ್ಲಿ ಬರೀ ಕೂಸುಗಳು, ಗುಡಿಗಳು ಉಳಿದವು. ಅದನ್ನು ನೋಡಲಾಗದೆ ನಾನು ಸುತ್ತುಬಳಸಿ ಕಾಲೇಜಿಗೆ ಹೋಗತೊಡಗಿದೆ. ಕೆಲ ವರ್ಷಕ್ಕೆ ಸ್ಟುಡಿಯೋ ಮುಚ್ಚಿತು. ಮುಂದೆ ನಾನೇ ಕ್ಯಾಮೆರಾ ಹಿಡಿದೆ. ಒಮ್ಮೆ ಹೋಗಿ ತಪ್ಪಾಯಿತು ಅನ್ನಬೇಕು, ಈ ವಾರ ಬೇಡ, ಮುಂದಿನ ವಾರ... ಹೀಗೇ ವರ್ಷಗಳು ಹೋದವು. ಹೇಡಿ ನಾನು, ಬೇರೇನೂ ಅಲ್ಲ.

ಮುಧೋಳದಿಂದ ಬಂದವಳೇ ಬೀಳಗಿಯ ಹುಡುಗಿಗೆ ಫೋನ್ ಮಾಡಿದೆ. ಇನ್ನೊಮ್ಮೆ ಯೋಚಿಸು, ನಿಮ್ಮಪ್ಪ ಏನಾದರೂ ಅಂದರೆ, ಅತ್ತೆ ಮನೆಯವರು ನೋಡಿದರೆ ಎಂದು ಹೇಳಿದ್ದನ್ನೇ ಹೇಳಿದೆ. ಅವಳಿಗೆ ಬೇಸರ ಬಂತು.

"ಹೂಂ ಅಂದಾಕಿ ನಾನ ಅಲ್ಲೇನ್ರಿ ಅಕ್ಕಾರ? ಯಾರರ ಕೇಳಿದ್ರ ನಾನ ಹೇಳ್ತೀನಿ."

ಇಷ್ಟೇ ಮಾತು. ಇಷ್ಟನ್ನು ಆಡಲು ನನ್ನಿಂದ ಆಗಿರಲಿಲ್ಲ.

ಮೊದಲನೆಯ ಟೆಂಪ್ಲೇಟನ್ನೇ ಒತ್ತಿದೆ. ಹುಡುಗಿಯ ನಗು ಪುಟದ ತುಂಬ ಬಂತು. ಈಗ ನನ್ನ ಜೊತೆಯಲ್ಲೇ ಇರುವ ಅಪ್ಪ ಹಿಂದೆ ಬಂದು ನಿಂತು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಚಲೋ ಬಂದಿದೆ ಎಂದರು. ಹುಡುಗಿಯನ್ನು ಕೇಳಿದ್ದೀಯಲ್ಲ, ಆ ಜಮಖಂಡಿಯ ಸ್ಟುಡಿಯೋದವನ ಹಾಗೆ ಮಾಡಬೇಡ ಎಂದೂ ಸೇರಿಸಿದರು.

ಇನ್ನು ತಡೆಯಲಾಗಲಿಲ್ಲ. ಅವರು ಕೇಳಿದ್ದರು, ನಾನೇ ಹೂಂ ಅಂದಿದ್ದೆ ಎಂದು ಹೇಳಿಬಿಟ್ಟೆ.

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಕೇಳಿದರು, "ಮತ್ತ ಆ ಮನಷ್ಯಾ ಆವತ್ತ ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರ ನೀವು ನನ್ನ ಕಾಲೇಜ ಬಿಡಸ್ತಿದ್ರಿ."

ಹೌದು, ಬಿಡಿಸುತ್ತಿದ್ದೆ ಎಂದು ಅಪ್ಪ ಒಪ್ಪಿಕೊಂಡರು. ನಾಳೆ ಬೆಳಿಗ್ಗೆ ಇಬ್ಬರೂ ಜಮಖಂಡಿಗೆ ಹೋಗಿ ಅವನನ್ನು ಕಂಡು ಬರೋಣ ಎಂದರು. ಕಾಕಾ ಹೋದ ವರ್ಷವೇ ತೀರಿಕೊಂಡರು ಎಂದು ನಾನು ಹೇಳಬೇಕಾಯಿತು.